ನಮ್ಮೂರಾಗ ಯುದ್ಧ ಎಲ್ಲೈತ್ರಿ ಸರ್ ಅಂದವರಿಗೆ ಟ್ರೇನಿಂಗ್ ಕೊಟ್ಟ ಅನುಭವ

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಎನ್‌ಜಿಒಗಳ ಫೀಲ್ಡ್ ಸ್ಟಾಫ್‌ಗೆ ನಾನು ಕೊಡೋ ಟ್ರೇನಿಂಗ್ ಹೆಸರು ಕೇಳಿದ್ರೇನೆ ಅರ್ಧ ಜನಕ್ಕೆ ಆಕಳಿಕೆ ಬರುತ್ತೆ, "ಶಾಂತಿ ಮತ್ತು ಸಂಘರ್ಷದ ಪರಿಣಾಮ ಅಂದಾಜು". ವಿಷಯ ಇಷ್ಟೇ, ನಾವು ಊರಿಗೆ ತಗೊಂಡು ಹೋಗೋ ನೀರು, ಬೀಜ, ಕಿಟ್ಟು, ಸಾಲ ಇವೆಲ್ಲ ಅಲ್ಲಿರೋ ಜಗಳಾನ ಹೆಚ್ಚು ಮಾಡ್ತಾವೋ ಕಮ್ಮಿ ಮಾಡ್ತಾವೋ ಅಂತ ಮೊದ್ಲೇ ನೋಡ್ಕೊಳ್ಳೋದು. ಪ್ರತಿ ಬ್ಯಾಚ್‌ನಲ್ಲೂ ಯಾರಾದ್ರೂ ಕೇಳೇ ಕೇಳ್ತಾರೆ, "ನಮ್ಮೂರಾಗ ಯುದ್ಧ ಎಲ್ಲೈತ್ರಿ ಸರ್?"

ಕೇಳೋದ್ರಲ್ಲಿ ತಪ್ಪೇನಿಲ್ಲ, ಈ ವಿದ್ಯೆ ಬಲಿತಿದ್ದೇ ಯುದ್ಧ ನಡೆದ ಕಡೆ. ಅದಕ್ಕೆ ಈಗಿನ ಕಾಂಗೋ ದೇಶದ ಗಡಿ ಊರು ಗೋಮಾ ಕಥೆ ಹೇಳ್ತೀನಿ. 1994ರಲ್ಲಿ ರುವಾಂಡಾದ ನರಮೇಧ ಆದ್ಮೇಲೆ ಲಕ್ಷಗಟ್ಟಲೆ ಜನ ಗಡಿ ದಾಟಿ ಗೋಮಾ ಸುತ್ತಲ ಕ್ಯಾಂಪ್‌ಗಳಿಗೆ ಬಂದ್ರು, ಅವರ ಜೊತೆ ಕೊಲೆ ಮಾಡಿಸಿದ ಮುಖಂಡರೂ ಬಂದ್ರು, ರೇಷನ್ ಹಂಚೋ ಕೆಲಸ ಅವರ ಕೈಗೇ ಹೋಯ್ತು, ಹಸಿದವರಿಗೆ ಅಂತ ಕಳಿಸಿದ ಕಾಳು ಅವರ ತಾಕತ್ತು ಬೆಳೆಸ್ತು, ಆ ವರ್ಷದ ಕೊನೆಗೆ ಎಂಎಸ್‌ಎಫ್ ಅನ್ನೋ ವೈದ್ಯರ ನೆರವು ಸಂಸ್ಥೆಯ ಫ್ರಾನ್ಸ್ ತಂಡ ಅಲ್ಲಿಂದ ಹೊರಗೇ ಬಂತು. 1998ರಲ್ಲಿ ಕೆನೆತ್ ಬುಷ್ ಅನ್ನೋ ಸಂಶೋಧಕರು ಪ್ರಾಜೆಕ್ಟ್‌ಗಳನ್ನ ಈ ದೃಷ್ಟಿಯಿಂದ ಅಳೆಯೋ ರೀತಿ ಬರೆದ್ರು, ಮೇರಿ ಆಂಡರ್ಸನ್ ಅನ್ನೋ ಇನ್ನೊಬ್ಬ ಸಂಶೋಧಕಿ ಊರನ್ನ ಒಡೆಯೋದು ಯಾವುದು ಕೂಡಿಸೋದು ಯಾವುದು ಅಂತ ಹುಡುಕೋದನ್ನ ಕಲಿಸಿದ್ರು. ಥಿಯರಿ ಇಷ್ಟು ಸಾಕು.

ಇದಾದ ಕೂಡ್ಲೆ ಬೋರ್ಡ್ ಮೇಲೆ ಮರಕುಂಬಿ ಅಂತ ಬರೀತೀನಿ. ಗಂಗಾವತಿ ತಾಲೂಕಿನ ಈ ಊರಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ್ರು, ಹತ್ತು ವರ್ಷದ ಮೇಲೆ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಡ್ತು. ಕಟಿಂಗ್ ಶಾಪು, ಹೋಟ್ಲು, ಅದರೊಳಗೆ ಯಾರನ್ನ ಬಿಡ್ತಾರೆ ಯಾರನ್ನ ಬಿಡಲ್ಲ, ಇಂಥ ದಿನದಿನದ ಸಂಗತಿಗಳು ಆ ಜಗಳದಲ್ಲಿದ್ವು. ಆಮೇಲೆ ಯುದ್ಧದ ಪ್ರಶ್ನೆ ಯಾರೂ ಎತ್ತಲ್ಲ.

ನಿಜವಾದ ಟ್ರೇನಿಂಗ್ ನೆಲದ ಮೇಲೆ ಶುರುವಾಗುತ್ತೆ. ಚಾಕ್‌ಪೀಸ್, ರಂಗೋಲಿ ಪುಡಿ ಕೊಟ್ಟು ತಮ್ಮ ಊರಿನ ನಕ್ಷೆ ಬರೀರಿ ಅಂತೀನಿ, ಅದು ಎಲ್ರಿಗೂ ಬರುತ್ತೆ, ಆದ್ರೆ ನಾನು ಊರಿನ ಜಗಳದ ಬಗ್ಗೆ ಕೇಳಲ್ಲ, ನಮ್ಮ ಸಾಮಾನಿನ ಬಗ್ಗೆ ಕೇಳ್ತೀನಿ. ಒಂದ್ಸಲ ಒಬ್ರು ಅಕ್ಕ ತಮ್ಮ ಸಂಸ್ಥೆ ಹಾಕಿಸಿದ ಶುದ್ಧ ನೀರಿನ ಘಟಕನ ಗುಡಿ ಕಟ್ಟೆ ಪಕ್ಕ ಬರೆದ್ರು, ಫ್ಲೋರೈಡ್ ನೀರಿನ ಊರು, ಕಾಯಿನ್ ಹಾಕಿದ್ರೆ ಕೊಡ ತುಂಬುತ್ತೆ, ರಿಪೋರ್ಟ್‌ನಲ್ಲಿ ಊರೆಲ್ಲಾ ಕವರ್ ಆಗಿದೆ. "ಅಕ್ಕಾರ, ಕೇರಿ ಹೆಣ್ಮಕ್ಳು ಯಾವ ಟೈಮಿಗೆ ಬರ್ತಾರ?" ಅಂದೆ. "ರಾತ್ರಿ ಆದ ಮ್ಯಾಲೆ ಬರ್ತಾರ್ರಿ. ಕಟ್ಟಿ ಮ್ಯಾಲೆ ಗಂಡಸ್ರು ಕುಂತಿರ್ತಾರಲ್ರಿ, ಅವ್ರು ಎದ್ದು ಹೋಗ್ಬೇಕು." ಬೀಗದ ಕೈ ಯಾರತ್ರ ಅಂತ ಕೇಳಿದ್ರೆ ಪೂಜಾರಿ ಮಗನ ಹತ್ರ, ಹುಡುಗ ಒಳ್ಳೆಯವನೇ, ಆದ್ರೆ ರಾತ್ರಿ ಬೀಗ ತೆಗಿ ಅಂತ ಅವನನ್ನ ಕರೆಯೋ ಧೈರ್ಯ ಎಷ್ಟು ಹೆಣ್ಮಕ್ಕಳಿಗೆ ಇರುತ್ತೆ.

ಒಬ್ಬ ಹುಡುಗ ತಕ್ಷಣ ಅಂದ, "ಕೇರಿಗೆ ಒಂದು ಬ್ಯಾರೆ ನಳ ಹಾಕಿಬಿಟ್ರ ಮುಗೀತಲ್ರಿ." ಇಲ್ಲಿ ಬಿತ್ತು ನೋಡಿ ವಾದ, ಊಟದ ಟೈಮ್ ದಾಟಿದ್ರೂ ಮುಗೀಲಿಲ್ಲ. ಬೇರೆ ನಳ ಹಾಕಿದ್ರೆ ಜಗಳ ಆಗಲ್ಲ ನಿಜ, ಆದ್ರೆ ನಮ್ಮ ದುಡ್ಡಲ್ಲೇ ಕೇರಿಯನ್ನ ಬೇರೆ ಮಾಡಿದ ಹಾಗಾಯ್ತು, ನಾಳೆ ಯಾರಾದ್ರೂ ಗುಡಿ ಹತ್ರ ನೀರಿಗೆ ಬಂದ್ರೆ ನಿಮ್ಮ ನಳ ಐತಲ್ಲ ಅಂತಾರೆ. ನನ್ನ ಪ್ರಕಾರ ಜಗಳ ಕಾಣಿಸ್ದೆ ಇರೋದನ್ನೇ ಶಾಂತಿ ಅಂತ ಎಣಿಸೋ ಫಾರ್ಮ್ಯಾಟ್‌ಗಳು ನಮ್ಮನ್ನ ದಾರಿ ತಪ್ಪಿಸ್ತಾವೆ. ಕೊನೆಗೆ ಅವರೇ ಒಪ್ಪಿದ್ದು, ಘಟಕ ಅಲ್ಲೇ ಇರಲಿ, ಪೈಪ್ ಎಳೆದು ಕಾಯಿನ್ ಪಾಯಿಂಟ್‌ನ ಪಂಚಾಯ್ತಿ ಮುಂದಿನ ರೋಡಿಗೆ ತರೋದು, ಎಲ್ರಿಗೂ ಅದೊಂದೇ, ಬೀಗದ ಕೈ ಎರಡು ಸ್ವಸಹಾಯ ಸಂಘಗಳ ಹತ್ರ, ತಿಂಗಳಿಗೊಂದು ಸಂಘದಂತೆ. ಪೈಪಿನ ಖರ್ಚು ಬಜೆಟ್‌ನಲ್ಲಿ ಇರಲಿಲ್ಲ, ಅದನ್ನ ಹೊಂದಿಸೋಕೆ ಅಕ್ಕ ಒದ್ದಾಡಿದ್ದೇ ಬೇರೆ ಕಥೆ.

ಕೆನಾಲ್ ವಿಷಯ ಬಂದ್ರೆ ಇನ್ನೊಂದು ತೊಂದರೆ. ತುಂಗಭದ್ರಾ ಎಡದಂಡೆ ಕಾಲುವೆ ಮೇಲ್ಭಾಗದಲ್ಲಿ ಭತ್ತ, ಮಾನ್ವಿ ರಾಯಚೂರು ಕಡೆ ಕೆಳಭಾಗದ ರೈತರು ನೀರಿಗೆ ರಸ್ತೆ ಮೇಲೆ ಕೂರ್ತಾರೆ, 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಕೊಂಡು ಹೋದಾಗ ನೀರು ಸಿಗಲ್ಲ ಅನ್ನೋ ಭಯ ಎಷ್ಟಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೇಲ್ಭಾಗದ ಹಳ್ಳಿಗೆ ಪಂಪ್‌ಸೆಟ್ ಕೊಟ್ರೆ ಕೆಟ್ಟ ಪರಿಣಾಮ ಕೆಳಗಿನ ಹೊಲಕ್ಕೆ ಬೀಳುತ್ತೆ, ಆ ಹೊಲ ನಮ್ಮ ಪ್ರಾಜೆಕ್ಟ್ ಏರಿಯಾದಲ್ಲೇ ಇರಲ್ಲ, ಹಾಗಾಗಿ ಯಾವ ರಿಪೋರ್ಟ್‌ನಲ್ಲೂ ಬರಲ್ಲ. ಅದಕ್ಕೆ ನಕ್ಷೆನ ಊರ ಗಡಿಗೆ ನಿಲ್ಲಿಸಬೇಡಿ, ಕಾಲುವೆ ಎಲ್ಲಿವರೆಗೂ ಹೋಗುತ್ತೋ ಅಲ್ಲಿವರೆಗೂ ಎಳೀರಿ ಅಂತೀನಿ.

ಊರನ್ನ ಕೂಡಿಸೋ ಸಂಗತಿ ಯಾವುದು ಅಂತ ಕೇಳಿದ್ರೆ ಎಲ್ರೂ ಮೊಹರಂ, ಜಾತ್ರೆ, ಸಂತೆ ಅಂತ ಗೀಚಿಬಿಡ್ತಾರೆ. ರಾಯಚೂರು ಅಂದ್ರೆ ಹೆಸರಾದ ಮುದಗಲ್ ಮೊಹರಂ ಇರೋ ಜಿಲ್ಲೆ, ಹಿಂದೂಗಳೂ ಮೊಹರಂನಲ್ಲಿ ಕೂರಿಸೋ ಅಲಾಯಿ ದೇವರಿಗೆ ನಡ್ಕೊಳ್ತಾರೆ, ಸುಳ್ಳಲ್ಲ. ಆದ್ರೂ ಅಲಾಯಿ ಯಾರು ಹಿಡೀತಾರೆ, ಹಲಗೆ ಯಾರು ಬಡೀತಾರೆ, ಹಲಗೆಯವರಿಗೆ ಊಟ ಎಲ್ಲಿ ಹಾಕ್ತಾರೆ ಅಂತ ಕೇಳ್ತೀನಿ, ಒಂದೇ ಹಬ್ಬ ಒಡೆಯೋದು, ಕೂಡಿಸೋದು ಎರಡೂ ಪಟ್ಟಿಲಿ ಬರುತ್ತೆ.

ಸ್ಟಾಫ್‌ಗೂ ಜಾತಿ ಇದೆಯಲ್ಲ. ನಿಮಗೆ ಊರಲ್ಲಿ ಟೀ ಯಾರ ಮನ್ಯಾಗ ಕೊಡ್ತಾರ ಅಂತ ಕೇಳಿದ್ರೆ ಫಲಾನುಭವಿ ಲಿಸ್ಟ್ ಹೇಗೆ ಆಗಿದೆ ಅಂತ ತಾನೇ ಗೊತ್ತಾಗುತ್ತೆ. ಇದನ್ನ ಎಲ್ರ ಮುಂದೆ ಕೇಳಲ್ಲ, ಇಬ್ಬಿಬ್ರನ್ನ ಕೂರಿಸಿ ಮಾತಾಡಿಸ್ತೀನಿ.

ನಕ್ಷೆ ಫೋಟೋ ತೆಗೆಯೋಕೆ ಬಿಡಲ್ಲ, ಕೆಲಸ ಮುಗಿದ ಮೇಲೆ ಒರೆಸಿಬಿಡ್ತೀವಿ, ರಿಪೋರ್ಟ್‌ನಲ್ಲಿ ವ್ಯಕ್ತಿ ಹೆಸರು ಹಾಕಲ್ಲ. ಆ ಫೋಟೋನೋ ಹೆಸರೋ ಪಂಚಾಯ್ತಿಗೆ ಸಿಕ್ರೆ ಮರುದಿನ ಆ ಊರಿಗೆ ಹೋಗ್ಬೇಕಾದೋರು ನಾವಲ್ಲ, ಅಲ್ಲಿನ ಕಾರ್ಯಕರ್ತೆ.

ಇತ್ತೀಚೆಗೆ ಅಕೌಂಟೆಂಟ್‌ಗಳನ್ನೂ ಡ್ರೈವರ್‌ಗಳನ್ನೂ ಕರೀರಿ ಅಂತ ಸಂಸ್ಥೆಗಳಿಗೆ ಹಠ ಮಾಡ್ತಿದ್ದೀನಿ. ಪೈಪಿನ ದುಡ್ಡು ಬಿಡೋರು ಅಕೌಂಟೆಂಟು, ಕಿಟ್ ಗಾಡಿ ಯಾವ ಓಣಿಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದು ಡ್ರೈವರು, ಅವರನ್ನ ಬಿಟ್ಟು ಕೋಆರ್ಡಿನೇಟರ್‌ಗೆ ಎಷ್ಟು ಹೇಳಿದ್ರೂ ಅರ್ಧ ಕೆಲಸಾನೇ.