ಖಾಲಿ ಕೇಸು ನೆಗ್ಗಿದ್ದರೆ ರೈಫಲ್ಲಿನಲ್ಲಿ ಏನನ್ನು ಪರೀಕ್ಷಿಸಬೇಕು?

ಅರೆ ಸ್ವಯಂಚಾಲಿತ ರೈಫಲ್ಲಿನಿಂದ ಹೊರಬಿದ್ದ ಖಾಲಿ ಕೇಸು (ತೋಟಾದ ಹಿತ್ತಾಳೆಯ ಕೋಶ) ನೆಗ್ಗಿದೆ ಎಂದ ಮಾತ್ರಕ್ಕೆ ಚೇಂಬರ್ (ತೋಟಾ ಕೂರುವ ಗೂಡು) ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಗುಂಡು ಹಾರುವಾಗ ಒಳಗಿನ ಒತ್ತಡವು ಹಿತ್ತಾಳೆಯನ್ನು ಚೇಂಬರಿನ ಗೋಡೆಗೆ ಒತ್ತಿ ಹಿಡಿಯುವುದರಿಂದ, ಒಳಮುಖದ ನೆಗ್ಗು ಸಾಮಾನ್ಯವಾಗಿ ಒತ್ತಡ ಇಳಿದ ಮೇಲೆ, ಕೇಸು ಹೊರಬರುವ ದಾರಿಯಲ್ಲಿಯೇ ಆಗಿರುತ್ತದೆ. ಕೇಸಿನ ಕತ್ತಿನ (ಬಾಯಿಯ ಬಳಿಯ ಕಿರಿದಾದ ಭಾಗ) ಸುತ್ತ ಮಸಿ ಹಿಡಿದು, ಅದರ ಕೆಳಗಿನ ಇಳಿಜಾರಾದ ಹೆಗಲು ಕುಸಿದಿದ್ದರೆ ಮಾತ್ರ ಅನಿಲ ಹಿಂದಕ್ಕೆ ನುಸುಳಿರುವ ಸಂಭವವಿದ್ದು, ಆಗ ತೋಟಾದ ಲಾಟನ್ನು (ಒಟ್ಟಿಗೆ ತಯಾರಾದ ಕಂತು) ಅನುಮಾನಿಸಬೇಕು.

ಮೊದಲು ನೆಲದ ಪಾಲನ್ನು ಬೇರ್ಪಡಿಸಬೇಕು. ಮಂಡ್ಯದ ಕಡೆ ಭತ್ತ ಒಣಗಿಸಲು ಬಳಸುವಂತಹ ಟಾರ್ಪಾಲನ್ನು ಮಡಿಸಿ, ಕೇಸು ಬೀಳುವ ಜಾಗದಲ್ಲಿ ಹಾಸಿದರೆ ಸಾಕು. ಅದರ ಮೇಲೆ ಬಿದ್ದ ಕೇಸುಗಳಲ್ಲಿ ನೆಗ್ಗು ಕಾಣದಿದ್ದರೆ ತಪ್ಪು ನೆಲದ ಜಲ್ಲಿಯದು, ರೈಫಲ್ಲಿನದಲ್ಲ.

ಟಾರ್ಪಾಲಿನ ಮೇಲೆ ಬಿದ್ದವೂ ನೆಗ್ಗಿದ್ದರೆ, ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಬಳಿಕ, ಕೇಸು ಹೊರಬರುವ ಕಿಂಡಿಯ ಅಂಚುಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಕೇಸು ತಗುಲುವ ಜಾಗದಲ್ಲಿ ಹಿತ್ತಾಳೆಯ ತೆಳು ಹಳದಿ ಗೀರು ಅಂಟಿರುತ್ತದೆ. ಅಂಚುಗಳಿಗೆ ಮಾರ್ಕರ್ ಶಾಯಿ ಬಳಿದು, ಒಂದೊಂದೇ ತೋಟಾ ತುಂಬಿ ಹಾರಿಸಿ, ಶಾಯಿ ಎಲ್ಲಿ ಅಳಿಸಿದೆ ಎಂಬುದನ್ನು ಕೇಸಿನ ನೆಗ್ಗಿನೊಂದಿಗೆ ಹೋಲಿಸಿದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಬಾಯಿ ಅಥವಾ ಒಡಲಿನ ಮೇಲೆ ಒಂದೇ ಕಡೆ ಮತ್ತೆ ಮತ್ತೆ ನೆಗ್ಗು ಬೀಳುತ್ತಿದ್ದರೆ ಬೋಲ್ಟ್ (ಚೇಂಬರನ್ನು ಮುಚ್ಚಿ ತೆರೆಯುವ ಭಾಗ) ಅಗತ್ಯಕ್ಕಿಂತ ರಭಸವಾಗಿ ಹಿಂದಕ್ಕೆ ಬರುತ್ತಿರಬಹುದು. 7.62 ಮಿ.ಮೀ. ಎಸ್‌ಎಲ್‌ಆರ್‌ನಲ್ಲಿ (ಸೆಲ್ಫ್ ಲೋಡಿಂಗ್ ರೈಫಲ್) ಬೋಲ್ಟನ್ನು ಹಿಂದಕ್ಕೆ ಸರಿಸುವ ಪಿಸ್ಟನ್ನಿಗೆ ಸಿಗುವ ಅನಿಲವನ್ನು ಹೊಂದಿಸುವ ಗ್ಯಾಸ್ ರೆಗ್ಯುಲೇಟರ್ ಇದೆ. ಅದರ ಕಿಂಡಿ ಹೆಚ್ಚು ತೆರೆದಷ್ಟೂ ಅನಿಲ ಹೊರಹೋಗಿ ಪಿಸ್ಟನ್ನಿನ ಮೇಲಿನ ಒತ್ತಡ ತಗ್ಗುತ್ತದೆ. ಕೇಸು ತಪ್ಪದೆ ಹೊರಬೀಳುವಷ್ಟು ಅನಿಲವನ್ನು ಮಾತ್ರ ಪಿಸ್ಟನ್ನಿಗೆ ಬಿಡಬೇಕು, ತೀರಾ ಕಡಿಮೆ ಮಾಡಿದರೆ ಕೇಸು ಹೊರಬರುವ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಂದಾಣಿಕೆ ಸರಿಯಿದ್ದೂ ನೆಗ್ಗು ಉಳಿದರೆ, ಸೋತ ರಿಕಾಯಿಲ್ ಸ್ಪ್ರಿಂಗ್ (ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುವುದು), ಎಕ್ಸ್‌ಟ್ರಾಕ್ಟರ್ (ಕೇಸನ್ನು ಚೇಂಬರಿನಿಂದ ಎಳೆಯುವ ಕೊಕ್ಕೆ) ಸ್ಪ್ರಿಂಗ್ ಮತ್ತು ಸವೆದ ಎಜೆಕ್ಟರ್ (ಕೇಸನ್ನು ಹೊರಕ್ಕೆ ಎಸೆಯುವ ಭಾಗ) ಇವುಗಳನ್ನು ಆರ್ಮರರ್ (ಆಯುಧ ದುರಸ್ತಿಯ ಸಿಬ್ಬಂದಿ) ಪರೀಕ್ಷಿಸಲಿ. ಕೇಸು ಹೊರಬರುವ ಕಿಂಡಿಯ ಅಂಚನ್ನು ಅರದಿಂದ ಉಜ್ಜುವ ಆತುರ ಖಂಡಿತ ಬೇಡ.

ಸಣ್ಣ ನೆಗ್ಗಿನಿಂದ ಅಪಾಯವಿಲ್ಲ. ಆದರೆ ಕೇಸು ಹೊರಮುಖವಾಗಿ ಉಬ್ಬಿದ್ದರೆ, ಸೀಳಿದ್ದರೆ ಅಥವಾ ಬುಡದ ಬಳಿ ಸುತ್ತಲೂ ಹೊಳೆಯುವ ಗೆರೆ ಮೂಡಿದ್ದರೆ ಗುಂಡು ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಮೈಸೂರಿನ ಪೊಲೀಸ್ ಸಿಬ್ಬಂದಿ ಅಭ್ಯಾಸದ ನಂತರ ಖಾಲಿ ಕೇಸುಗಳನ್ನು ಎಣಿಸಿ ಒಪ್ಪಿಸುವಾಗ, ಇಂತಹವನ್ನು ರೈಫಲ್ಲಿನ ಸಂಖ್ಯೆ ಹಾಗೂ ತೋಟಾದ ಲಾಟ್ ಸಂಖ್ಯೆಯ ಚೀಟಿಯೊಂದಿಗೆ ಪ್ರತ್ಯೇಕ ಲಕೋಟೆಯಲ್ಲಿಟ್ಟು ಆರ್ಮರರ್ ಕೈಗೇ ಕೊಡಬೇಕು.