ಉಣಕಲ್ ಕೆರೆಗೆ ಇಳಿದ ಐದು ಕಿಲೋದ ಯುದ್ಧನೌಕೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನನ್ನ ಫೈಬರ್ ಶೆಡ್ಡಿಗೆ ಕಳೆದ ಚಳಿಗಾಲದ ಒಂದು ಶನಿವಾರ ಇಂಜಿನಿಯರಿಂಗ್ ಓದುವ ನಾಲ್ಕು ಮಕ್ಕಳು ಬಂದರು. ಅವರಲ್ಲಿ ಒಬ್ಬಳ ಕೈಯಲ್ಲಿ ಗೋಣಿಚೀಲವಿತ್ತು. ಬಿಚ್ಚಿದರೆ ಥರ್ಮಾಕೋಲಿನ ಹಡಗು, ಅದೂ ಕರಗಿ ಹೊಂಡ ಬಿದ್ದದ್ದು.

"ಕಾಕಾ, ರೆಸಿನ್ ಹಚ್ಚಿದ್ವಿ. ಐದ್ ನಿಮಿಷದಾಗ ಪೂರಾ ಒಳಗ ಇಳದಬಿಡ್ತರಿ."

ರೆಸಿನ್ ಅಂದರೆ ಫೈಬರ್ ಬಟ್ಟೆಯನ್ನು ಹಿಡಿದು ಗಟ್ಟಿಯಾಗುವ ಅಂಟು. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಎಂಬ ದ್ರವ ಇರುತ್ತದೆ, ಅದು ಥರ್ಮಾಕೋಲನ್ನು ತಿಂದುಹಾಕುತ್ತದೆ. ಎಪಾಕ್ಸಿ ಎಂಬ ಇನ್ನೊಂದು ರೆಸಿನ್ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಇಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಅವರು ಹಾಸಿದ ಡ್ರಾಯಿಂಗ್ ನೋಡಿ ನಾನು ಕೆಲಸ ಬಿಟ್ಟು ಕೂತೆ.

ಅದು ಸ್ವೀಡನ್ನಿನ ವಿಸ್ಬಿ. 2000ದಲ್ಲಿ ನೀರಿಗಿಳಿದ ಪುಟ್ಟ ಯುದ್ಧನೌಕೆ, ಉದ್ದ 72.7 ಮೀಟರ್, ಅಗಲ 10.4, ತೂಕ 640 ಟನ್. ಮೈಯಲ್ಲಿ ಉಕ್ಕಿಲ್ಲ. ನಡುವೆ ಪಿವಿಸಿ ಫೋಮ್, ಎರಡೂ ಬದಿಗೆ ಕಾರ್ಬನ್ ಫೈಬರ್, ಅದನ್ನು ಹಿಡಿದಿಡಲು ವಿನೈಲ್ ಎಸ್ಟರ್ ರೆಸಿನ್. ಅಂದರೆ ಇಪ್ಪತ್ತು ವರ್ಷದಿಂದ ನಾನು ನೀರಿನ ಟ್ಯಾಂಕ್, ಬಾತ್‌ರೂಮ್ ಬಾಗಿಲು, ಬಸ್ಸಿನ ಬಂಪರ್ ಮಾಡುತ್ತಿರುವ ಕಸುಬೇ ಅಲ್ಲಿ ಯುದ್ಧನೌಕೆ ಕಟ್ಟಿದೆ.

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಅನ್ನು ನಮ್ಮ ಕಡೆಯವರು ಬಹಳಷ್ಟು ಜನ ನೋಡಿದ್ದಾರೆ. ಅದೂ ಸಣ್ಣ ಕ್ಷಿಪಣಿ ದೋಣಿಯೇ. 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ಐಲಾತ್ ಎಂಬ ದೊಡ್ಡ ನೌಕೆಯನ್ನು ಕ್ಷಿಪಣಿ ಬಿಟ್ಟು ಮುಳುಗಿಸಿದವು. 1971ರ ಡಿಸೆಂಬರಿನಲ್ಲಿ ನಮ್ಮ ದೋಣಿಗಳು ಕರಾಚಿಗೆ ಹೋಗಿ ಹೊಡೆದವು. ಸಣ್ಣದು ದೊಡ್ಡದನ್ನು ಕೊಲ್ಲಬಲ್ಲದು ಎಂಬುದು ಆಗಲೇ ಖಾತ್ರಿಯಾಯಿತು. ಆದರೆ ಸಣ್ಣದಕ್ಕೆ ಒಂದೇ ಒಂದು ಏಟನ್ನೂ ತಡೆಯುವ ಶಕ್ತಿ ಇಲ್ಲ. ದಪ್ಪ ಉಕ್ಕು ಹೊರುವಷ್ಟು ಮೈ ಅದಕ್ಕಿಲ್ಲ, ಹಾಗಾಗಿ ಶತ್ರುವಿನ ರಾಡಾರಿಗೆ, ಅಂದರೆ ರೇಡಿಯೋ ಅಲೆ ಬಿಟ್ಟು ಬಡಿದು ಮರಳಿದ್ದನ್ನು ಹಿಡಿಯುವ ಯಂತ್ರಕ್ಕೆ, ಕಾಣದಿರುವುದೇ ಅದರ ಕವಚ. ಚಪಲ್ ಮೇಲೆ ಏನೆಲ್ಲ ನಿಂತಿದೆ ನೆನಪಿಸಿಕೊಳ್ಳಿ: ಕಂಬ, ಕಟಕಟೆ, ಪೈಪು, ಕ್ಷಿಪಣಿಯ ಪೆಟ್ಟಿಗೆಗಳು. ವಿಸ್ಬಿಯ ಮೇಲೆ ಇವು ಬಹುತೇಕ ಕಾಣುವುದಿಲ್ಲ. ತೋಪಿನ ನಳಿಗೆ ಕೂಡ ಬೇಡದಾಗ ಗೋಪುರದೊಳಗೆ ಮಡಚಿಕೊಳ್ಳುತ್ತದೆ.

1:50 ಅಳತೆಗೆ ಮಾಡುವುದೆಂದು ಠರಾಯಿಸಿದೆವು. ಉದ್ದ 145 ಸೆಂಟಿಮೀಟರ್, ಅಗಲ 21. ತೂಕಕ್ಕೆ 50ರಿಂದಲ್ಲ, 50ರ ಘನದಿಂದ, ಅಂದರೆ 1,25,000ದಿಂದ ಭಾಗಿಸಬೇಕು. 640 ಟನ್ನಿಗೆ 5.12 ಕಿಲೋ ಬಂತು. ಮೋಟರು, ಬ್ಯಾಟರಿ, ಬಣ್ಣ ಎಲ್ಲ ಸೇರಿ ಇಷ್ಟರೊಳಗೇ ಇರಬೇಕು. ನಾನು ರೂಢಿಯಂತೆ ಗ್ಲಾಸ್ ಫೈಬರಿನ ಮ್ಯಾಟ್ ಮೇಲೆ ಮ್ಯಾಟ್ ಹಾಕಿ ಮೊದಲ ಮೈ ತೆಗೆದೆ. ಅದೊಂದೇ 4.1 ಕಿಲೋ ತೂಗಿತು, ಸಾಮಾನು ಕೂರಿಸಿದ ಮೇಲೆ 6.7. ಸಿಂಟೆಕ್ಸಿನಲ್ಲಿ ತೇಲಿಬಿಟ್ಟರೆ ಗುರುತಿಗಿಂತ ಮುಕ್ಕಾಲು ಸೆಂಟಿಮೀಟರ್ ಹೆಚ್ಚು ಮುಳುಗಿತು. ನಿಜವಾದ ಹಡಗಿಗೆ ಅದು ಮೊಣಕಾಲಿನಷ್ಟು ನೀರು.

ಅದಕ್ಕಿಂತ ಕಷ್ಟ ಕೊಟ್ಟದ್ದು ಮೋಲ್ಡ್, ಅಂದರೆ ಅಚ್ಚು. ಮೋಲ್ಡಿನಿಂದ ಮಾಲು ಬಿಡಬೇಕಾದರೆ ಗೋಡೆಗೆ ಟೇಪರ್ ಬೇಕು, ಬಾಯಿ ಅಗಲ, ತಳ ಕಿರಿದು. ಬಕೆಟ್ಟು ನೋಡಿ, ಹಾಗೆ. ಈ ಹಡಗಿನ ಪಕ್ಕೆ ನೀರಿನಿಂದ ಸ್ವಲ್ಪ ಹೊರಗೆ ಚಾಚಿ, ಒಂದು ಗೆರೆ ಮುಟ್ಟಿ, ಅಲ್ಲಿಂದ ಒಳಕ್ಕೆ ವಾಲುತ್ತದೆ. ಒಂದೇ ಮೋಲ್ಡಿನಲ್ಲಿ ಎರೆದರೆ ಮಾಲು ಒಳಗೇ ಸಿಕ್ಕಿಕೊಳ್ಳುತ್ತದೆ. ಆ ಗೆರೆಯಲ್ಲೇ ಕೊಯ್ದು ಕೆಳಗಿನದಕ್ಕೊಂದು, ಮೇಲಿನದಕ್ಕೊಂದು ಮೋಲ್ಡ್ ಮಾಡಿ ಆಮೇಲೆ ಜೋಡಿಸಿದೆ.

ಹೀಗೇಕೆ ವಾಲಿಸಿದ್ದಾರೆಂದು ಆ ಹುಡುಗಿಯನ್ನೇ ಕೇಳಿದೆ. ಕಟ್ಟಿಗೆಯ ಎರಡು ಚೂರನ್ನು ಕಾಟಕೋನಕ್ಕೆ ಹಿಡಿದು ತೋರಿಸಿದಳು. "ಗೋಡಿ ನೆಟ್ಟಗ ನಿಂತ್ರ ಸಮುದ್ರದ ಜೋಡಿ ಮೂಲಿ ಆಗ್ತದ್ರಿ. ಮೂಲಿಗೆ ಬಡದ ರಾಡಾರ್ ಅಲಿ ಬಂದ ದಾರೀಲೇ ವಾಪಸ್ ಹೋಗ್ತದ." ಮೀನುಗಾರರ ಸಣ್ಣ ದೋಣಿಗಳು ದೊಡ್ಡ ಹಡಗಿನ ಕಣ್ಣಿಗೆ ಬೀಳಲೆಂದು ಇಂಥದೇ ಮೂಲೆಗಳ ತಗಡು ಕಟ್ಟಿಕೊಳ್ಳುತ್ತವಂತೆ. ಇಲ್ಲಿ ಅದೇ ಲೆಕ್ಕ ತಿರುಗುಮುರುಗು.

ಇನ್ನೊಂದು ಮಾತು ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. ರಾಡಾರಿಗೆ ಮರಳುವ ಪ್ರತಿಫಲನವನ್ನು 16ನೇ ಒಂದು ಪಾಲಿಗೆ ಇಳಿಸಿದರೂ, ಹಡಗು ಕಣ್ಣಿಗೆ ಬೀಳುವ ದೂರ ಅರ್ಧಕ್ಕಷ್ಟೇ ಇಳಿಯುತ್ತದೆ. ಆ ದೂರವನ್ನು ಹತ್ತನೇ ಒಂದು ಪಾಲಿಗೆ ಇಳಿಸಬೇಕೆಂದರೆ ಪ್ರತಿಫಲನ ಹತ್ತು ಸಾವಿರ ಪಟ್ಟು ಕಡಿಮೆಯಾಗಬೇಕು. ಇಡೀ ಮೈಯನ್ನು ಅಷ್ಟು ನಿಗಾ ಇಟ್ಟು ವಾಲಿಸಿದ ಮೇಲೆ ಮರೆತ ಒಂದು ಕೊಕ್ಕೆ ಎಲ್ಲವನ್ನೂ ಕೆಡಿಸುತ್ತದೆ.

ಫೈಬರ್ ಅಂದರೆ ರಾಡಾರಿಗೆ ಕಾಣುವುದಿಲ್ಲ ಎಂದು ನಾನೂ ತಿಳಿದಿದ್ದೆ. ಗ್ಲಾಸ್ ಫೈಬರ್ ಕಾಣುವುದಿಲ್ಲ ನಿಜ, ಅಲೆ ಅದರೊಳಗಿಂದ ತೂರಿಹೋಗುತ್ತದೆ. ನಮ್ಮ ಟ್ಯಾಂಕಿನೊಳಗೆ ಮೊಬೈಲ್ ಇಟ್ಟರೂ ರಿಂಗ್ ಆಗುವುದು ಅದಕ್ಕೇ. ರಾಡಾರಿನ ಟೊಪ್ಪಿಗೆಯನ್ನು ಗ್ಲಾಸ್ ಫೈಬರಿನಲ್ಲಿ ಮಾಡುವುದೂ ಅದಕ್ಕೇ. ಹಡಗಿನ ಮೈ ಹಾಗೆ ಮಾಡಿದರೆ ಒಳಗಿನ ಇಂಜಿನ್, ಪೈಪು, ಏಣಿ ಎಲ್ಲ ಬಯಲಾಗುತ್ತವೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಅಲೆಯನ್ನು ಒಳಗೆ ಬಿಡದೆ ತಳ್ಳುತ್ತದೆ. ಯಾವ ಕಡೆ ತಳ್ಳಬೇಕೆಂಬುದನ್ನು ಆಕಾರ ಹೇಳುತ್ತದೆ. ಎರಡರ ಚೂರನ್ನೂ ಎಮರಿ ಪೇಪರಿನಿಂದ ಉಜ್ಜಿ ಮಲ್ಟಿಮೀಟರ್ ಹಚ್ಚಿದೆ. ಗ್ಲಾಸ್ ಸುಮ್ಮನಿತ್ತು, ಕಾರ್ಬನ್ ಬೀಪ್ ಅಂದಿತು. ನಮ್ಮ ನೌಕಾಪಡೆಗೆ 2017ರಲ್ಲಿ ಸೇರಿದ, ಕೋಲ್ಕತ್ತದಲ್ಲಿ ಕಟ್ಟಿದ ಐಎನ್‌ಎಸ್ ಕಿಲ್ತಾನ್‌ನ ಮೇಲ್ಕಟ್ಟಡವೂ ಕಾರ್ಬನ್ ಫೈಬರ್ ಕಾಂಪೊಸಿಟ್. ಅದನ್ನು ಓದಿದ ದಿನ ಶೆಡ್ಡಿನ ಹುಡುಗರನ್ನೆಲ್ಲ ಕರೆದು ಹೇಳಿದೆ.

ಎರಡನೇ ಮೈಗೆ ಐದು ಮಿಲಿಮೀಟರಿನ ಪಿವಿಸಿ ಫೋಮ್, ಹೊರಗೆ ಕಾರ್ಬನ್ ಬಟ್ಟೆ, ಒಳಗೆ ತೆಳು ಗ್ಲಾಸ್ ಬಟ್ಟೆ, ಎಪಾಕ್ಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚು ಮುಚ್ಚಿ, ಫ್ರಿಜ್ ರಿಪೇರಿ ಮಾಡುವ ಗೆಳೆಯನ ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ ಎಳೆದೆವು. ಥರ್ಮಾಕೋಲ್ ಈ ಒತ್ತಡಕ್ಕೆ ಚಪ್ಪಟೆಯಾಗುತ್ತದೆ, ಪಿವಿಸಿ ತಡೆಯುತ್ತದೆ. ಹಾಳೆ ಸೊರ್ ಅಂತ ಮೈಗೆ ಅಂಟಿ, ಹೆಚ್ಚಿನ ರೆಸಿನ್ ಅಂಚಿನ ಬಟ್ಟೆಗೆ ಹೀರಿ ಬರುವುದನ್ನು ನೋಡುತ್ತ ನಾಲ್ವರೂ ಊಟ ಮರೆತರು. ಮೈ 2.2 ಕಿಲೋಗೆ ಇಳಿಯಿತು. ಸಾಮಾನು ಸೇರಿ 4.8.

ಪರೀಕ್ಷೆಗೆ ಗಾಡಿಗೆ ಹಚ್ಚುವ ಕ್ರೋಮ್ ಸ್ಟಿಕರನ್ನು ಮೈತುಂಬ ಅಂಟಿಸಿ, ಶಟರ್ ಎಳೆದು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಸುತ್ತ ನಡೆದೆವು. ಬೆಳಕಿನ ಅಲೆ ತೀರ ಸಣ್ಣದು, ರಾಡಾರಿನ ಅಲೆ ಸೆಂಟಿಮೀಟರುಗಳಷ್ಟು ಉದ್ದ. ಅಂಚುಗಳ ವಿಷಯ ಇದರಿಂದ ತಿಳಿಯದು. ಪಕ್ಕೆಗಳ ವಿಷಯ ಚೆನ್ನಾಗಿ ತಿಳಿಯುತ್ತದೆ. ಹೋಲಿಸಲು ಇಟ್ಟಿದ್ದ ನೆಟ್ಟಗಿನ ಡಬ್ಬಿ ಕಣ್ಣು ಕುಕ್ಕಿತು, ನಮ್ಮ ಹಡಗು ಕಪ್ಪಗಿತ್ತು. ಆದರೆ ಹಿಂಭಾಗದಲ್ಲಿ ಒಂದು ಚುಕ್ಕೆ ಮಿನುಗುತ್ತಲೇ ಇತ್ತು, ಎಲ್ಲಿ ನಿಂತರೂ. ಹತ್ತಿರ ಹೋಗಿ ನೋಡಿದರೆ ಚಂದಕ್ಕೆಂದು ನಾನೇ ಅಂಟಿಸಿದ್ದ ಉಗುರಿನಷ್ಟು ಅಗಲದ ಸ್ಟೀಲ್ ಎಲ್-ಪಟ್ಟಿ. ಬ್ಲೇಡಿನಿಂದ ಎಬ್ಬಿಸಿ ತೆಗೆದೆ. ಚುಕ್ಕೆ ಹೋಯಿತು.

ಫೆಬ್ರವರಿಯ ಒಂದು ಬೆಳಗ್ಗೆ ಉಣಕಲ್ ಕೆರೆಗೆ ಒಯ್ದೆವು. ವಿಸ್ಬಿಯ 35 ನಾಟ್ (ಗಂಟೆಗೆ ಸುಮಾರು 65 ಕಿಲೋಮೀಟರ್) ವೇಗ ಈ ಅಳತೆಗೆ ಸೆಕೆಂಡಿಗೆ ಎರಡೂವರೆ ಮೀಟರ್ ಆಗುತ್ತದೆ. ವೇಗವನ್ನು 50ರ ವರ್ಗಮೂಲದಿಂದ ಭಾಗಿಸಬೇಕು. ವಿಸ್ಬಿಯಂತೆ ಇದಕ್ಕೂ ಫ್ಯಾನಿನ ಬದಲು ನೀರು ಹೀರಿ ಹಿಂದಕ್ಕೆ ಚಿಮ್ಮುವ ವಾಟರ್ ಜೆಟ್. ಹತ್ತು ಮೀಟರ್ ಹೋಗುವುದರೊಳಗೆ ಅಂತರಗಂಗೆಯ ಬೇರು ಜೆಟ್ಟಿನ ಬಾಯಿಗೆ ಸುತ್ತಿಕೊಂಡಿತು. ಮುಂದಿನ ವಾರ ಜಾಳಿಗೆ ಹಾಕಿ ಬಿಟ್ಟಾಗ 20 ಮೀಟರನ್ನು ಒಂಬತ್ತು ಸೆಕೆಂಡಿನಲ್ಲಿ ದಾಟಿತು. ಇನ್ನೂ ಒಂದು ಸೆಕೆಂಡ್ ಉಳಿಸಬೇಕು. ಜಾಳಿಗೆಯ ಕಣ್ಣು ಸ್ವಲ್ಪ ದೊಡ್ಡದು ಮಾಡಿದರೆ ಆದೀತು ಅಂತ ನನ್ನ ಅಂದಾಜು.

ಎರಡೂ ಮೋಲ್ಡ್ ಶೆಡ್ಡಿನ ಗೋಡೆಗೆ ಒರಗಿವೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಯಾವ ಮಕ್ಕಳು ಬಂದು ಕೇಳಿದರೂ ಕೊಡುತ್ತೇನೆ. ಎರೆಯುವ ಮೊದಲು ವ್ಯಾಕ್ಸನ್ನು ಮಾತ್ರ ಮೂರು ಕೋಟ್ ಹಚ್ಚಿಕೊಳ್ಳಿ.