ಫೋನಿನಲ್ಲಿ ‘ಹೂಂ’ ಎನ್ನುವ ಮೊದಲು

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನನ್ನದೊಂದು ಸಣ್ಣ ಹೋಟೆಲು. ಮೂವತ್ತೆರಡು ಕುರ್ಚಿ, ಎರಡು ಗ್ರೈಂಡರ್, ಒಂದು ದೊಡ್ಡ ಫ್ರೀಜರ್, ಸದಾ ಮುನಿಸಿಕೊಂಡೇ ಇರುವ ಒಂದು ಡಿಶ್‌ವಾಷರ್. ವರ್ಷಕ್ಕೆ ಸುಮಾರು 38 ಸಾವಿರ ಯೂನಿಟ್ ಕರೆಂಟ್ ಬೇಕು. 2019ರ ನವೆಂಬರ್‌ನಲ್ಲಿ, ಮಧ್ಯಾಹ್ನದ ಗದ್ದಲದ ನಡುವೆ, ಒಬ್ಬ ಕರೆ ಮಾಡಿ ನಿಮ್ಮ ವಿದ್ಯುತ್ ಒಪ್ಪಂದ ಮುಗಿಯುತ್ತಿದೆ ಎಂದ. ನಾನು ದೋಸೆಕಲ್ಲಿನ ಮುಂದೆ ನಿಂತು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ‘ಯೆಸ್, ಯೆಸ್’ ಎನ್ನುತ್ತಾ ಹೋದೆ. ಕಥೆ ಕೇಳುವಾಗ ನಾವು ಹೂಂಗುಟ್ಟುವುದಿಲ್ಲವೇ, ಅದೇ ಅಭ್ಯಾಸ. ನೀನು ಹೇಳುವುದು ಕೇಳಿಸುತ್ತಿದೆ ಎಂಬಷ್ಟೇ ಅದರ ಅರ್ಥ. ಅವನ ಧ್ವನಿಮುದ್ರಣದಲ್ಲಿ ಮಾತ್ರ ಅದು ಮೂರು ವರ್ಷದ ಒಪ್ಪಂದಕ್ಕೆ ಒಪ್ಪಿಗೆಯಾಗಿತ್ತು.

ಇಲ್ಲಿ ಅಂಗಡಿ, ಹೋಟೆಲುಗಳ ಕರೆಂಟಿನ ಒಪ್ಪಂದ ಬಾಯಿಮಾತಿನಲ್ಲೇ ಕುದುರಬಹುದು. ಮನೆಯ ಕರೆಂಟಿಗಾದರೆ 14 ದಿನಗಳೊಳಗೆ ಮನಸ್ಸು ಬದಲಿಸಬಹುದು. ವ್ಯಾಪಾರಕ್ಕೆ ಕಾನೂನು ಆ ಸೌಲಭ್ಯ ಕೊಟ್ಟಿಲ್ಲ. 2019ರ ಜನವರಿಯಿಂದ ಮನೆಗಳಿಗಿರುವ ದರದ ಮಿತಿಯೂ ನಮಗಿಲ್ಲ. ಹಾಗಾಗಿ ವಿಚಾರಿಸುವುದನ್ನೆಲ್ಲ ‘ಯೆಸ್’ ಎನ್ನುವ ಮೊದಲೇ ವಿಚಾರಿಸಬೇಕು. ಹೊಸದಾಗಿ ಅಂಗಡಿ ತೆರೆಯುವ ನಮ್ಮವರು ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕರೆ ಮಾಡಿದವನು ಯಾರು ಎಂಬುದೇ ಮೊದಲ ಪ್ರಶ್ನೆ. ನಮ್ಮ ಕುಂದಾಪುರದಲ್ಲಿ ತಂತಿ ಎಳೆಯುವುದೂ ಮೆಸ್ಕಾಂ, ಬಿಲ್ಲು ಕೊಡುವುದೂ ಮೆಸ್ಕಾಂ. ಇಲ್ಲಿ ತಂತಿ ಒಬ್ಬರದು, ಕರೆಂಟ್ ಮಾರುವವರು ಇನ್ನೊಬ್ಬರು, ನಡುವೆ ದಲ್ಲಾಳಿ. ‘ನಿಮ್ಮ ವಿದ್ಯುತ್ ವಿಭಾಗದಿಂದ ಮಾತನಾಡುತ್ತಿದ್ದೇನೆ’ ಎನ್ನುವವನು ಬಹುಪಾಲು ದಲ್ಲಾಳಿಯೇ. ಬಿಲ್ಲಿನಲ್ಲಿ ‘ಎಸ್’ ಅಕ್ಷರದ ಪಕ್ಕದ ಚೌಕದಲ್ಲಿ ಒಂದಿಷ್ಟು ಅಂಕಿಗಳಿರುತ್ತವೆ. ಅದರ ಕೆಳಸಾಲಿನ 13 ಅಂಕಿಗಳೇ ನಿಮ್ಮ ಸಂಪರ್ಕದ ಗುರುತು, ಊರಿನ ಆರ್‌ಆರ್ ನಂಬರ್ ಇದ್ದಂತೆ. ಮೊದಲ ಎರಡು ಅಂಕಿ ಪ್ರದೇಶವನ್ನು ಹೇಳುತ್ತವೆ. ನನ್ನದು 20, ಲಂಡನ್ನಿನದು 12. ಅವನು ಆ ನಂಬರನ್ನು ಗಡಗಡ ಓದಿ ಹೇಳಿದನೆಂದು ನಂಬಿಬಿಡಬೇಡಿ. ದಲ್ಲಾಳಿಗಳ ಕೈಗೂ ಅದು ಸಿಗುತ್ತದೆ.

ಮುಂದಿನದು ಹೆಸರಿನ ವಿಷಯ. ಉಡುಪಿ ಎಂದು ಬೋರ್ಡು ಹಾಕಿದ ಹೋಟೆಲುಗಳೆಲ್ಲ ಉಡುಪಿಯವರದ್ದಲ್ಲ ತಾನೇ? ಹಾಗೆಯೇ ಜಾಹೀರಾತಿನಲ್ಲಿ ಕಾಣುವ ಹೆಸರು ಬೇರೆ, ಒಪ್ಪಂದಕ್ಕೆ ಸಹಿ ಹಾಕುವ ಕಂಪನಿ ಬೇರೆ ಆಗಿರಬಹುದು. ಕಂಪನಿಯ ಪೂರ್ಣ ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ಇಮೇಲ್‌ನಲ್ಲಿ ಕಳುಹಿಸಲು ಹೇಳಿ. ಆ ಹೆಸರು ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಪ್ರಕಟಿಸುವ ಪರವಾನಗಿದಾರರ ಪಟ್ಟಿಯಲ್ಲಿ ಇದೆಯೇ ನೋಡಿ. ಇರಬೇಕಾದದ್ದು ವಿದ್ಯುತ್ ಪೂರೈಕೆಯ ಪರವಾನಗಿ. ಗ್ಯಾಸ್‌ನದ್ದೇ ಬೇರೆ, ವಿದ್ಯುತ್ ಉತ್ಪಾದನೆಯದ್ದೇ ಬೇರೆ.

ಪರವಾನಗಿ ಇದ್ದ ಮಾತ್ರಕ್ಕೆ ಕಂಪನಿ ಗಟ್ಟಿ ಎಂದಲ್ಲ. 2021ರ ಮಧ್ಯದಲ್ಲಿ ಗ್ಯಾಸ್ ಬೆಲೆ ಏರಿದ್ದೇ ತಡ, ಮುಂದಿನ ಒಂದು ವರ್ಷದಲ್ಲಿ ಸುಮಾರು 30 ಪೂರೈಕೆ ಕಂಪನಿಗಳು ಬಾಗಿಲು ಹಾಕಿದವು. ಎಲ್ಲಕ್ಕೂ ಪರವಾನಗಿ ಇತ್ತು. ದೊಡ್ಡದಾಗಿಯೇ ಬೆಳೆದಿದ್ದ ಬಲ್ಬ್ ಕಂಪನಿಯನ್ನು ಆ ನವೆಂಬರ್‌ನಲ್ಲಿ ವಿಶೇಷ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಕಂಪನಿ ಮುಳುಗಿದರೆ ಕರೆಂಟ್ ಹೋಗುವುದಿಲ್ಲ. ಆಫ್‌ಜೆಮ್ ಬೇರೊಬ್ಬರಿಗೆ ನಿಮ್ಮನ್ನು ವಹಿಸುತ್ತದೆ. ಆದರೆ ನೀವು ಕುದುರಿಸಿದ್ದ ದರ ಹೋಗುತ್ತದೆ. ಮನೆಯವರು ಮುಂಗಡ ಕಟ್ಟಿದ ಹಣಕ್ಕೆ ರಕ್ಷಣೆಯಿದೆ, ವ್ಯಾಪಾರಿಗಳ ಹಣಕ್ಕೆ ಆ ಖಾತರಿ ಇಲ್ಲ. ದೊಡ್ಡ ಠೇವಣಿ ಕೇಳುವ ಹೊಸ ಕಂಪನಿ ಎಂದರೆ ನಾನು ಎದ್ದು ಬರುವುದು ಇದಕ್ಕೇ.

ಆದ್ದರಿಂದ ಒಂದು ಸೋಮವಾರ, ಹೋಟೆಲಿನ ರಜೆಯ ದಿನ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಕಂಪನೀಸ್ ಹೌಸ್‌ನ ಜಾಲತಾಣ ತೆರೆಯಿರಿ. ಪುಕ್ಕಟೆ. ನೋಂದಣಿ ಸಂಖ್ಯೆ ಹಾಕಿದರೆ ಕಂಪನಿಯ ಜಾತಕವೇ ಬಿಚ್ಚಿಕೊಳ್ಳುತ್ತದೆ: ಯಾವಾಗ ಹುಟ್ಟಿತು, ನಿರ್ದೇಶಕರು ಯಾರು, ವರ್ಷದೊಳಗೆ ಎಷ್ಟು ಮಂದಿ ಬಿಟ್ಟುಹೋದರು. ಖಾಸಗಿ ಕಂಪನಿಗೆ ಲೆಕ್ಕಪತ್ರ ಸಲ್ಲಿಸಲು ಆರ್ಥಿಕ ವರ್ಷ ಮುಗಿದ ಮೇಲೆ 9 ತಿಂಗಳ ಗಡುವಿದೆ. ಮೀರಿದ್ದರೆ ‘ಓವರ್‌ಡ್ಯೂ’ ಎಂದು ಅಲ್ಲೇ ಕಾಣುತ್ತದೆ. ಬ್ಯಾಲೆನ್ಸ್ ಶೀಟ್ ಓದಲು ನನಗೂ ಬರುವುದಿಲ್ಲ. ಆದರೆ ಆಡಿಟರ್ ವರದಿಯಲ್ಲಿ ‘ಗೋಯಿಂಗ್ ಕನ್ಸರ್ನ್’ ಎಂಬಲ್ಲಿಗೆ ಹೋಗಿ, ಅದರ ಜತೆ ‘ಮೆಟೀರಿಯಲ್ ಅನ್‌ಸರ್ಟನ್ಟಿ’ ಎಂದಿದೆಯೇ ನೋಡುತ್ತೇನೆ. ಇದ್ದರೆ, ಈ ಕಂಪನಿ ಮುಂದೆ ನಡೆಯುವುದೇ ಎಂಬ ಬಗ್ಗೆ ಲೆಕ್ಕಿಗರಿಗೇ ಅನುಮಾನವಿದೆ ಎಂದು ಅರ್ಥ. ಯೂನಿಟ್ಟಿಗೆ ಅರ್ಧ ಪೆನ್ನಿ ಅಗ್ಗವಾದರೂ ಬೇಡ.

ಇನ್ನು ದಲ್ಲಾಳಿ. ಅವನಿಗೆ ಆಫ್‌ಜೆಮ್ ಪರವಾನಗಿಯೇ ಇಲ್ಲ, ಬೇಕಾಗಿಯೂ ಇಲ್ಲ. ‘ಆಫ್‌ಜೆಮ್ ಮಾನ್ಯತೆ ಪಡೆದ ಬ್ರೋಕರ್’ ಎಂದನೋ, ಆ ಒಂದು ಮಾತಿಗೇ ಫೋನ್ ಇಡಬಹುದು. ಕೇಳಬೇಕಾದದ್ದು ಬೇರೆ: ಎನರ್ಜಿ ಆಂಬುಡ್ಸ್‌ಮನ್‌ನಂಥ ವ್ಯಾಜ್ಯ ಪರಿಹಾರ ಯೋಜನೆಯಲ್ಲಿ ಸದಸ್ಯನೇ? 2022ರ ಡಿಸೆಂಬರ್‌ನಿಂದ ನಮ್ಮಂಥ ಸಣ್ಣವರ ವ್ಯವಹಾರದಲ್ಲಿ ಅಂಥ ಸದಸ್ಯತ್ವವಿಲ್ಲದ ದಲ್ಲಾಳಿಗಳ ಮೂಲಕ ಪೂರೈಕೆ ಕಂಪನಿಗಳು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಯೋಜನೆಯ ಪಟ್ಟಿಯಲ್ಲಿ ಅವನ ಸಂಸ್ಥೆಯ ಹೆಸರನ್ನು ನೀವೇ ಹುಡುಕಿ.

ಕಮಿಷನ್ ಎಷ್ಟು ಎಂದು ಕೇಳಲು ನಾಚಿಕೆ ಬೇಡ. ‘ನಮ್ಮ ಸೇವೆ ಉಚಿತ’ ಎಂದವನ ಕೂಲಿ ನಿಮ್ಮ ಯೂನಿಟ್ ದರದೊಳಗೇ ಕೂತಿರುತ್ತದೆ. 2022ರ ಅಕ್ಟೋಬರ್‌ನಲ್ಲಿ ಸಣ್ಣ ವ್ಯಾಪಾರಿಗಳಿಗೆ ಈ ಮೊತ್ತವನ್ನು ತೋರಿಸಲೇಬೇಕೆಂಬ ನಿಯಮ ಬಂತು. 2024ರ ಅಕ್ಟೋಬರ್‌ನಲ್ಲಿ ಎಲ್ಲ ವ್ಯಾಪಾರಿ ಗ್ರಾಹಕರಿಗೂ ಹಬ್ಬಿತು. ಮೂರು ವರ್ಷ ಮುಗಿದು ನವೀಕರಣದ ಕಾಗದ ಬಂದಾಗ ಆ ಸಾಲನ್ನು ನಾನು ಮೊದಲ ಬಾರಿ ಕಂಡೆ: ಯೂನಿಟ್ಟಿಗೆ 2 ಪೆನ್ಸ್. ಬಿಲ್ಲಿನ ಹಿಂಬದಿಯಲ್ಲೇ ಗುಣಿಸಿದೆ. ವರ್ಷಕ್ಕೆ 760 ಪೌಂಡ್. ಹಿಂದಿನ ಮೂರು ವರ್ಷಕ್ಕೂ ಇಷ್ಟೇ ತಿಂದಿದ್ದರೆ 2,280. ಆ ದಿನ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು.

ಕಮಿಷನ್ನಿಗಿಂತ ಅಪಾಯದ್ದು ‘ಲೆಟರ್ ಆಫ್ ಅಥಾರಿಟಿ’. ದರ ವಿಚಾರಿಸಲು ಬೇಕು ಎಂದು ದಲ್ಲಾಳಿ ಸಹಿ ಕೇಳುತ್ತಾನೆ. ಓದಿ ನೋಡಿ. ಮಾಹಿತಿ ಪಡೆಯುವ ಅಧಿಕಾರವಷ್ಟೇ ಇದ್ದರೆ ಸರಿ. ನಿಮ್ಮ ಪರವಾಗಿ ಒಪ್ಪಂದ ಮಾಡಿಕೊಳ್ಳುವ ಮಾತು ಎಲ್ಲಾದರೂ ಇದ್ದರೆ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಿರುಸಹಿ ಮಾಡಿ, ಕೊನೆಯ ದಿನಾಂಕವನ್ನೂ ಬರೆದೇ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ.

ಹೊಸ ಜಾಗಕ್ಕೆ ಬಂದವರು ಗಾಬರಿಯಾಗಬೇಕಿಲ್ಲ. ಹಿಂದಿನವರ ಪೂರೈಕೆದಾರನೇ ದುಬಾರಿ ದರದಲ್ಲಿ ಕರೆಂಟ್ ಕೊಡುತ್ತಿರುತ್ತಾನೆ, ಆದರೆ ಅದರಿಂದ ಹೊರಬರಲು ದಂಡವಿಲ್ಲ. ಈ ವಿಚಾರಣೆಗೆಲ್ಲ ಒಂದು ವಾರ ತೆಗೆದುಕೊಳ್ಳಬಹುದು. ‘ಈ ದರ ಇವತ್ತು ಸಂಜೆಯವರೆಗೆ ಮಾತ್ರ’ ಎಂದು ಯಾರಾದರೂ ಅವಸರ ಮಾಡಿದರೆ, ಸಂಜೆ ಕಳೆಯಲು ಬಿಡಿ.

ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈಗ ಒಂದು ಚೀಟಿ ಅಂಟಿಸಿದೆ. ಹುಡುಗರು ಫೋನ್ ಎತ್ತಿದರೆ ಅದರಲ್ಲಿರುವುದನ್ನಷ್ಟೇ ಓದಬೇಕು: ಯಾವ ಕಂಪನಿ, ನೋಂದಣಿ ಸಂಖ್ಯೆ ಎಷ್ಟು, ಎಲ್ಲವನ್ನೂ ಇಮೇಲ್‌ನಲ್ಲಿ ಕಳುಹಿಸಿ. ‘ಯೆಸ್’ ಎಂಬ ಪದ ಚೀಟಿಯಲ್ಲಿಲ್ಲ. ಮೊನ್ನೆ ಒಬ್ಬನಿಗೆ ನಾನೇ ಓದಿದೆ. ಒಂದು ನಿಮಿಷ ಎಂದು ಕಾಯಿಸಿದ. ಎರಡು ಮಸಾಲೆ ದೋಸೆ ಮಡಚಿ ತಟ್ಟೆಗೆ ಹಾಕುವಷ್ಟರಲ್ಲಿ ಲೈನ್ ಕಟ್ಟಾಗಿತ್ತು.